ಅಂತರ್ಜಾಲದ ಸೇನಬೋವ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯ ನಡುವೆ ಮಸ್ಕಿ ಇದೆ. ಕಾಲುವೆಯ ನೀರುಂಡ ಬತ್ತದ ಗದ್ದೆಗಳು ಹಿಂದೆ ಸರಿದು ಕಲ್ಲುಗುಡ್ಡಗಳು ಕಾಣತೊಡಗಿದವೆಂದರೆ ಊರು ಹತ್ತಿರವಾಯಿತೆಂದು ತಿಳಿಯಬೇಕು. ಸಿಂಧನೂರಿನ ಕಾಲೇಜೊಂದರಲ್ಲಿ ಕನ್ನಡದ ಅಧ್ಯಾಪಕನಾಗಿರುವ ನಾನು ಪ್ರತಿ ವರ್ಷವೂ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವುದುಂಟು. ಪಠ್ಯಪುಸ್ತಕದಲ್ಲಿ ಶಾಸನವೆಂದರೆ ಅಚ್ಚಾದ ಕೆಲವು ಸಾಲುಗಳು, ಅಷ್ಟೆ. ಬಂಡೆಯ ಎದುರಿಗೆ ನಿಂತಾಗಲೇ ಅದು ಯಾರೋ ಒಬ್ಬನು ಬಿಸಿಲಿನಲ್ಲಿ ಕುಳಿತು ಉಳಿಯಿಂದ ಕೊರೆದ ಅಕ್ಷರವೆಂಬುದು ಮನಸ್ಸಿಗೆ ನಾಟುವುದು.

೧೯೧೫ರಲ್ಲಿ, ಈ ಸೀಮೆಯೆಲ್ಲ ನಿಜಾಮ ಸಂಸ್ಥಾನಕ್ಕೆ ಸೇರಿದ್ದಾಗ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು ಈ ಶಾಸನವನ್ನು ಬೆಳಕಿಗೆ ತಂದರು. ಅದಕ್ಕೂ ಮೊದಲು, ೧೮೩೭ರಲ್ಲಿಯೇ, ಜೇಮ್ಸ್ ಪ್ರಿನ್ಸೆಪ್ಪರು ಬ್ರಾಹ್ಮೀ ಲಿಪಿಯನ್ನು ಓದಿದ್ದರು. ಆದರೆ ಆಗ ತಿಳಿದಿದ್ದ ಬಂಡೆಗಳ ಮೇಲೂ ಕಂಬಗಳ ಮೇಲೂ ಇದ್ದುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಆ ಬಿರುದಿನ ಅರಸನು ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ಬಿರುದೂ ಅಶೋಕನೆಂಬ ಹೆಸರೂ ಜೊತೆಯಾಗಿ ದೊರೆತವು, ಊಹೆ ಸ್ಥಿರಪಟ್ಟಿತು. ಮುಂದೆ ನಿಟ್ಟೂರು ಮೊದಲಾದ ಕಡೆಗಳಲ್ಲಿಯೂ ಆ ಹೆಸರು ಸಿಕ್ಕಿತಾದರೂ ಮೊದಲ ಸಾಕ್ಷಿಯ ಮಾನ ಮಸ್ಕಿಯದೇ.

ಕಳೆದ ವರ್ಷ ಅಲ್ಲಿ ನಿಂತಿದ್ದಾಗ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ನನ್ನನ್ನೊಂದು ಪ್ರಶ್ನೆ ಕೇಳಿದಳು. ಈ ಬಿರುದು ಈ ಹೆಸರಿನವನದೇ ಎಂದು ಹೇಳುವುದಕ್ಕೆ ಇಲ್ಲೊಂದು ಬಂಡೆ ಇದೆ. ಇಂದು ನಾವು ಫೋನಿನಲ್ಲಿ ಒಂದು ಹೆಸರನ್ನು ಒತ್ತಿದರೆ ಅದು ಲೋಕದ ಯಾವ ಯಂತ್ರದ ಹೆಸರೆಂದು ಹೇಳುವವರು ಯಾರು, ಅವರ ಬಂಡೆ ಎಲ್ಲಿದೆ ಎಂಬುದು ಆಕೆಯ ಪ್ರಶ್ನೆ. ನನಗೆ ಉತ್ತರ ತಿಳಿದಿರಲಿಲ್ಲ. ಆಕೆ ಹಾಗೆ ಕೇಳಿದ್ದಕ್ಕೆ ಕಾರಣ ಮಾತ್ರ ನನಗೆ ಚೆನ್ನಾಗಿ ತಿಳಿದಿತ್ತು. ಕಾಲೇಜಿನ ಪ್ರವೇಶ ಪುಸ್ತಕದಲ್ಲಿ ಆಕೆಯ ಹೆಸರಿನ ಒಂದು ಅಕ್ಷರ ತಪ್ಪಿ, ಬ್ಯಾಂಕಿನ ಖಾತೆಯ ಹೆಸರಿಗೂ ಇದಕ್ಕೂ ತಾಳೆಯಾಗದೆ, ಒಂದು ವರ್ಷದ ವಿದ್ಯಾರ್ಥಿವೇತನ ನಿಂತುಹೋಗಿತ್ತು. ಆ ವರ್ಷ ಪ್ರವೇಶ ಪುಸ್ತಕವನ್ನು ಬರೆದವನು ನಾನೇ.

ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ದೊರೆತದ್ದು ಒಬ್ಬ ಮನುಷ್ಯನ ಜೀವನ. ಅವರು ಜಾನಥನ್ ಬ್ರೂಸ್ ಪೋಸ್ಟೆಲ್. ಬಲ್ಲವರ ಬಾಯಲ್ಲಿ ಜಾನ್ ಪೋಸ್ಟೆಲ್. ಗಣಕಯಂತ್ರಗಳನ್ನು ಬಲ್ಲವರಿಗೆ ಅವರು ಸುಪರಿಚಿತರು. ನಮ್ಮಂಥ ಸಾಹಿತ್ಯದ ಓದುಗರಿಗೂ ಅವರ ಪರಿಚಯವಿರತಕ್ಕದ್ದು ಎಂಬ ಭಾವನೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಹಳೆಯ ಶಾಸನಗಳ ಕೊನೆಯಲ್ಲಿ ಅದನ್ನು ಬರೆದ ಸೇನಬೋವನ ಹೆಸರು ಕಾಣಿಸುವುದುಂಟು. ಆ ಸೇನಬೋವನೇ ಮುಂದೆ ಶಾನುಭೋಗನಾದನು. ನಮ್ಮ ಕಡೆ ಕುಲಕರ್ಣಿ ಎಂದರು. ಊರಿನ ನೆಲಕ್ಕೆ ಅವನು ಒಡೆಯನಲ್ಲ. ಆದರೆ ಯಾವ ಹೊಲ ಯಾರದು, ಅದರ ಎಲ್ಲೆ ಎಲ್ಲಿಯವರೆಗೆ ಎಂಬುದು ಅವನ ಪುಸ್ತಕದಲ್ಲಿತ್ತು. ಪುಸ್ತಕ ಸರಿಯಾಗಿದ್ದರೆ ಊರಿಗೆ ಅವನ ನೆನಪೇ ಬಾರದು; ತಪ್ಪಿತೆಂದರೆ ಮೂರು ತಲೆಮಾರಿನ ವ್ಯಾಜ್ಯ. ಪೋಸ್ಟೆಲ್ಲರು ಅಂತರ್ಜಾಲವೆಂಬ ಮಹಾಗ್ರಾಮಕ್ಕೆ ಅಂಥ ಸೇನಬೋವರಾಗಿದ್ದರು.

ಅವರು ಹುಟ್ಟಿದ್ದು ೧೯೪೩ರ ಆಗಸ್ಟ್ ೬ರಂದು, ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಆಲ್ಟಡೀನದಲ್ಲಿ. ಲಾಸ್ ಏಂಜಲಿಸ್ ನಗರದ ವ್ಯಾನ್ ನೈಸ್ ಪ್ರೌಢಶಾಲೆಯಲ್ಲಿ ಓದಿದರು. ಮುಂದೆ ಅಂತರ್ಜಾಲದ ನಿರ್ಮಾತೃಗಳೆಂದು ಹೆಸರಾದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಇಬ್ಬರೂ ಅದೇ ಶಾಲೆಯಲ್ಲಿ ಓದಿದವರೆಂಬುದು ಸೋಜಿಗದ ಸಂಗತಿ. ಅಲ್ಲಿಂದ ಮುಂದೆ ಪೋಸ್ಟೆಲ್ಲರು ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವನ್ನು ಸೇರಿ ೧೯೬೬ರಲ್ಲಿ ಪದವಿಯನ್ನೂ ೧೯೬೮ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ೧೯೭೪ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಯಂತ್ರಗಳು ಪರಸ್ಪರ ಮಾತನಾಡುವಾಗ ಅನುಸರಿಸುವ ನಿಯಮಗಳಲ್ಲಿ ಎಲ್ಲಿ ತೊಡಕು ಬೀಳಬಹುದೆಂಬುದನ್ನು ಗಣಿತದ ಚಿತ್ರಗಳಿಂದ ಪರೀಕ್ಷಿಸುವುದು ಅವರ ಪ್ರಬಂಧದ ವಿಷಯ. ಪ್ರೋಟೊಕಾಲ್ ಎಂದು ಕರೆಯುವ ಆ ನಿಯಮಗಳೇ ಅವರ ಬಾಳಿನ ಉದ್ಯೋಗವಾದವು.

ಅವರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿಯೇ ಆ ವಿಶ್ವವಿದ್ಯಾನಿಲಯದಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯೊಂದು ದೂರದೂರದ ಗಣಕಯಂತ್ರಗಳನ್ನು ಜೋಡಿಸುವ ಆರ್ಪಾನೆಟ್ ಎಂಬ ಜಾಲಕ್ಕೆ ಹಣ ಕೊಟ್ಟಿತ್ತು. ೧೯೬೯ರ ಅಕ್ಟೋಬರ್ ೨೯ರಂದು ಅದರ ಮೇಲೆ ಮೊದಲ ಸಂದೇಶ ಅಲ್ಲಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಹೊರಟಿತು. ಎರಡು ಅಕ್ಷರ ತಲಪುವಷ್ಟರಲ್ಲಿ ಆ ಕಡೆಯ ಯಂತ್ರ ನಿಂತುಹೋಯಿತು. ಆ ವರ್ಷದ ಕೊನೆಯ ಹೊತ್ತಿಗೆ ಜಾಲದಲ್ಲಿ ಇದ್ದುದು ನಾಲ್ಕೇ ನೆಲೆಗಳು.

ಯಂತ್ರಗಳನ್ನು ತಂತಿಯಿಂದ ಜೋಡಿಸಿದ ಮಾತ್ರಕ್ಕೆ ಅವು ಮಾತನಾಡಲಾರವು. ಯಾರು ಮೊದಲು ನುಡಿಯಬೇಕು, ಕೇಳಿಸಿತೆಂದು ಹೇಗೆ ತಿಳಿಸಬೇಕು, ಕೇಳಿಸದಿದ್ದರೆ ಏನು ಮಾಡಬೇಕು, ಎಲ್ಲಕ್ಕೂ ಒಪ್ಪಿಗೆಯಾಗಬೇಕು. ಈ ಒಪ್ಪಂದಗಳನ್ನು ರೂಪಿಸುವ ಹೊಣೆ ಕೆಲವು ತರುಣ ವಿದ್ಯಾರ್ಥಿಗಳ ಪಾಲಿಗೆ ಬಂದಿತು. ಹಿರಿಯರಿದ್ದಾರೆ, ನಾವು ಆಜ್ಞೆ ಮಾಡುವ ಹಾಗಿಲ್ಲ ಎಂಬ ಸಂಕೋಚ ಅವರಿಗೆ. ಆದುದರಿಂದ ಸ್ಟೀವ್ ಕ್ರಾಕರರು ೧೯೬೯ರ ಏಪ್ರಿಲಿನಲ್ಲಿ ತಮ್ಮ ಮೊದಲ ಟಿಪ್ಪಣಿಗೆ ನಿಯಮವೆಂಬ ಹೆಸರಿಡದೆ, ಬಲ್ಲವರ ಅಭಿಪ್ರಾಯವನ್ನು ಕೋರುವ ಬರಹವೆಂಬ ಅರ್ಥದ ಹೆಸರಿಟ್ಟರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆರ್.ಎಫ್.ಸಿ. ಎಂಬ ಮಾತು ಬಳಕೆಗೆ ಬಂದಿತು. ಇಂದಿಗೂ ಅಂತರ್ಜಾಲದ ಕಟ್ಟಳೆಗಳೆಲ್ಲ ಆ ವಿನಯದ ಹೆಸರಿನಲ್ಲಿಯೇ ಪ್ರಕಟವಾಗುತ್ತಿವೆ.

ಈ ಮಾಲೆಗೆ ಪೋಸ್ಟೆಲ್ಲರು ಸಂಪಾದಕರಾದರು. ಸುಮಾರು ಇಪ್ಪತ್ತೆಂಟು ವರ್ಷ, ಸಾಯುವವರೆಗೂ, ಸಂಪಾದಕರಾಗಿಯೇ ಇದ್ದರು. ಹಸ್ತಪ್ರತಿಗಳ ಸಂಪಾದನೆಯ ಕಷ್ಟವನ್ನು ಕನ್ನಡದ ಅಧ್ಯಾಪಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬರೆದವನ ಅಭಿಪ್ರಾಯವನ್ನು ಕೆಡಿಸದೆ ಮಾತಿನ ಗೊಂದಲವನ್ನು ತೊಡೆಯಬೇಕು. ಒಂದೇ ಪದಕ್ಕೆ ಎರಡು ಅರ್ಥ ಬಾರದಂತೆ ಕಾಯಬೇಕು. ಕಾವ್ಯದಲ್ಲಿ ಪಾಠಾಂತರವಾದರೆ ರಸಕ್ಕೆ ಭಂಗ. ಇಲ್ಲಿ ಎರಡು ಊರುಗಳವರು ಒಂದು ವಾಕ್ಯವನ್ನು ಬೇರೆ ಬೇರೆಯಾಗಿ ತಿಳಿದುಕೊಂಡರೆ ಅವರ ಯಂತ್ರಗಳ ಮಾತುಕತೆಯೇ ನಿಂತುಹೋಗುವುದು. ಪೋಸ್ಟೆಲ್ಲರು ಪ್ರತಿಯೊಂದು ಕರಡನ್ನೂ ಓದಿ, ತಿದ್ದಿ, ಸಂಖ್ಯೆ ಕೊಟ್ಟು ಹೊರತರುತ್ತಿದ್ದರು. ಒಮ್ಮೆ ಸಂಖ್ಯೆ ಪಡೆದ ಬರಹವನ್ನು ಮತ್ತೆ ತಿದ್ದುವಂತಿಲ್ಲ. ತಪ್ಪು ಕಂಡರೆ ಹೊಸ ಸಂಖ್ಯೆಯಲ್ಲಿ ಹೊಸದನ್ನು ಬರೆಯಬೇಕು. ಕಲ್ಲಿನಲ್ಲಿ ಕೊರೆದುದನ್ನು ಅಳಿಸದೆ ಪಕ್ಕದಲ್ಲಿ ಮತ್ತೊಂದು ಶಾಸನವನ್ನು ಹಾಕಿಸುವ ಕ್ರಮದಂತೆ ಇದು. ಓದುವುದಕ್ಕೆ ಯಾರೂ ಹಣ ಕೊಡಬೇಕಾಗಿರಲಿಲ್ಲ. ಜಾಲವು ಒಂದು ಕಂಪೆನಿಯ ಗುಟ್ಟಾಗಿ ಉಳಿಯದೆ ಲೋಕದ ಸೊತ್ತಾದುದಕ್ಕೆ ಈ ತೆರೆದ ಪುಸ್ತಕವೂ ಒಂದು ಮುಖ್ಯ ಕಾರಣ.

ಇನ್ನೊಂದು ಕೆಲಸವೂ ಅವರ ಕೈಗೆ ತಾನಾಗಿಯೇ ಬಂದಿತು. ಜಾಲದಲ್ಲಿ ಪ್ರತಿಯೊಂದು ಬಗೆಯ ಸೇವೆಗೂ ಒಂದು ಸಂಖ್ಯೆ ಬೇಕು. ಪತ್ರ ಬರುವ ಬಾಗಿಲು ಇದು, ಕಡತ ಬರುವ ಬಾಗಿಲು ಇದು ಎಂಬಂತೆ. ಇಬ್ಬರು ಒಂದೇ ಸಂಖ್ಯೆಯನ್ನು ಬೇರೆ ಬೇರೆ ಕೆಲಸಕ್ಕೆ ಇಟ್ಟುಕೊಂಡರೆ ಗಲಿಬಿಲಿ. ೧೯೭೨ರ ಮೇ ತಿಂಗಳಿನಲ್ಲಿ ಪೋಸ್ಟೆಲ್ಲರು ಒಂದು ಟಿಪ್ಪಣಿ ಬರೆದು, ಇಂಥ ಸಂಖ್ಯೆಗಳನ್ನು ಹಂಚಲು ಒಬ್ಬ ಅಧಿಪತಿ ಇರಬೇಕೆಂದು ಸೂಚಿಸಿದರು. ಅದು ತಾವೇ ಆಗಬಹುದೇನೋ ಎಂದು ಅರೆಹಾಸ್ಯದಿಂದ ಪ್ರಶ್ನೆ ಹಾಕಿದರು. ಬೇಡವೆನ್ನಲು ಯಾರಿಗೂ ಕಾರಣವಿರಲಿಲ್ಲ. ಬೇಸರದ ಕೆಲಸವನ್ನು ಒಬ್ಬನು ತಾನಾಗಿ ಮೈಮೇಲೆ ಹಾಕಿಕೊಂಡರೆ ಸಭೆಯಲ್ಲಿ ವಿರೋಧ ಬರುವುದು ಅಪರೂಪ. ಅಂದು ಹಿಡಿದ ಪುಸ್ತಕವನ್ನು ಅವರು ಕೊನೆಯವರೆಗೂ ಕೆಳಗಿಡಲಿಲ್ಲ. ಬಹು ಕಾಲದ ಮೇಲೆ, ೧೯೮೮ರ ಸುಮಾರಿಗೆ, ಈ ಕೆಲಸಕ್ಕೆ ಐಯಾನಾ ಎಂಬ ಗಂಭೀರವಾದ ಹೆಸರು ಬಂದಿತು. ಹೊರಗಿನವರು ಅದೊಂದು ದೊಡ್ಡ ಕಚೇರಿಯೆಂದು ಭಾವಿಸಬಹುದಾಗಿತ್ತು. ಒಳಗೆ ನೋಡಿದರೆ ಬಹುಮಟ್ಟಿಗೆ ಪೋಸ್ಟೆಲ್ಲರು, ಅವರ ಜೊತೆಗೆ ವರ್ಷಗಟ್ಟಲೆ ದುಡಿದ ಜಾಯ್ಸ್ ರೆನಾಲ್ಡ್ಸ್ ಎಂಬ ಮಹಿಳೆ, ಇನ್ನು ಕೆಲವರು ಸಹಾಯಕರು.

ಕೆಲ ಕಾಲ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟರ ತಂಡದಲ್ಲಿದ್ದು, ೧೯೭೭ರಲ್ಲಿ ಪೋಸ್ಟೆಲ್ಲರು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಬಾಳಿನ ಉಳಿದ ಕಾಲವೆಲ್ಲ ಅಲ್ಲಿಯೇ ಕಳೆಯಿತು. ಆ ವರ್ಷವೇ ಅವರು ಬರೆದ ಒಂದು ಚಿಕ್ಕ ಟಿಪ್ಪಣಿ ಅಂತರ್ಜಾಲದ ಇತಿಹಾಸದಲ್ಲಿ ದೊಡ್ಡ ತಿರುವಿಗೆ ಕಾರಣವಾಯಿತು. ಅದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ.

ಲಿಂಗಸುಗೂರಿನಲ್ಲಿರುವ ಗೆಳೆಯನಿಗೆ ನಾನೊಂದು ದಪ್ಪ ಗ್ರಂಥವನ್ನು ಕಳುಹಿಸಬೇಕಾಗಿದೆ. ಅಂಚೆಯಲ್ಲಿ ಒಂದೊಂದು ಲಕೋಟೆಗೆ ಒಂದೇ ಹಾಳೆ ಹಿಡಿಸುತ್ತದೆ ಎಂದು ಭಾವಿಸೋಣ. ಹಾಳೆಗಳನ್ನು ಬಿಡಿಸಿ, ಪ್ರತಿಯೊಂದಕ್ಕೂ ಪುಟಸಂಖ್ಯೆ ಹಾಕಿ, ವಿಳಾಸ ಬರೆದು ಅಂಚೆಗೆ ಹಾಕುತ್ತೇನೆ. ಕೆಲವು ಮಸ್ಕಿಯ ಮೇಲೆ ಹೋಗಬಹುದು, ಕೆಲವು ರಾಯಚೂರನ್ನು ಸುತ್ತಿ ಹೋಗಬಹುದು, ಒಂದೆರಡು ಕಳೆದುಹೋಗಲೂಬಹುದು. ಅಂಚೆಯವನ ಕೆಲಸ ವಿಳಾಸವನ್ನು ನೋಡಿ ಲಕೋಟೆಯನ್ನು ಮುಂದಕ್ಕೆ ಸಾಗಿಸುವುದು ಮಾತ್ರ. ಪುಟಗಳನ್ನು ಕ್ರಮವಾಗಿ ಜೋಡಿಸುವುದು, ಬಾರದ ಪುಟವನ್ನು ಮತ್ತೆ ಕೇಳಿ ತರಿಸುವುದು ಕಳುಹಿಸಿದ ನನಗೂ ಪಡೆದ ಗೆಳೆಯನಿಗೂ ಸೇರಿದ್ದು. ಆಗ ಸಿದ್ಧವಾಗುತ್ತಿದ್ದ ಟಿ.ಸಿ.ಪಿ. ಎಂಬ ನಿಯಮಾವಳಿಯಲ್ಲಿ ಈ ಎರಡು ಕೆಲಸಗಳೂ ಬೆರೆತುಹೋಗಿದ್ದವು. ಅವನ್ನು ಬೇರ್ಪಡಿಸದೆ ವಿಧಿಯಿಲ್ಲ ಎಂದು ಪೋಸ್ಟೆಲ್ಲರು ವಾದಿಸಿದರು. ೧೯೭೮ರ ಆರಂಭದಲ್ಲಿ ವಿಂಟ್ ಸರ್ಫ್, ಡ್ಯಾನಿ ಕೋಹೆನ್ ಮತ್ತು ಪೋಸ್ಟೆಲ್ ಸೇರಿ ಅದನ್ನು ಇಬ್ಭಾಗ ಮಾಡಿದರು. ಸಾಗಿಸುವ ಕೆಲಸ ಐ.ಪಿ.ಗೆ, ಕಾಪಾಡಿ ಜೋಡಿಸುವ ಕೆಲಸ ಟಿ.ಸಿ.ಪಿ.ಗೆ. ನಡುದಾರಿಯ ಯಂತ್ರಗಳ ಹೊರೆ ಹಗುರವಾಯಿತು; ಜಾಲವು ಎಷ್ಟು ಬೇಕಾದರೂ ಬೆಳೆಯುವುದಕ್ಕೆ ದಾರಿಯಾಯಿತು.

೧೯೮೧ರ ಸೆಪ್ಟೆಂಬರಿನಲ್ಲಿ ಈ ನಿಯಮಗಳ ಸ್ಥಿರರೂಪ ಪೋಸ್ಟೆಲ್ಲರ ಸಂಪಾದಕತ್ವದಲ್ಲಿ ಹೊರಬಂದಿತು. ೧೯೮೨ರಲ್ಲಿ ಮಿಂಚಂಚೆಯನ್ನು ಸಾಗಿಸುವ ನಿಯಮವನ್ನು ಅವರೇ ಬರೆದರು. ೧೯೮೩ರ ಜನವರಿ ೧ರಂದು ಆರ್ಪಾನೆಟ್ಟಿನ ಯಂತ್ರಗಳು ಹಳೆಯ ಪದ್ಧತಿಯನ್ನು ಬಿಟ್ಟು ಹೊಸದಕ್ಕೆ ಬದಲಾದವು. ಆ ಬದಲಾವಣೆಯ ಯೋಜನೆಯನ್ನು ಬರೆದವರೂ ಪೋಸ್ಟೆಲ್ಲರೇ. ಟಿ.ಸಿ.ಪಿ.ಯ ಬರಹದಲ್ಲಿ ಅವರು ಸೇರಿಸಿದ ಒಂದು ಸೂತ್ರ ಅವರ ಸ್ವಭಾವಕ್ಕೂ ಕನ್ನಡಿಯಾಗಿದೆ. ತಾನು ಕಳುಹಿಸುವುದರಲ್ಲಿ ಯಂತ್ರವು ಕಟ್ಟುನಿಟ್ಟಾಗಿರಬೇಕು. ಪರರಿಂದ ಬಂದುದನ್ನು ಸ್ವೀಕರಿಸುವಾಗ ಉದಾರವಾಗಿರಬೇಕು ಎಂಬುದು ಅದರ ತಾತ್ಪರ್ಯ. ಈ ಔದಾರ್ಯದಿಂದ ತಪ್ಪುಗಳು ಬೇರೂರುತ್ತವೆಂದು ಮುಂದಿನ ಕಾಲದ ತಜ್ಞರು ಕೆಲವರು ಆಕ್ಷೇಪಿಸಿದ್ದಾರೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಅಪರಿಚಿತ ಯಂತ್ರಗಳು ಮೊದಲ ಸಲ ಒಂದನ್ನೊಂದು ಸಂಧಿಸುತ್ತಿದ್ದ ಕಾಲದಲ್ಲಿ ಆ ಸೈರಣೆ ಇಲ್ಲದಿದ್ದರೆ ಮಾತುಕತೆ ಮೊದಲಾಗುತ್ತಲೇ ಇರಲಿಲ್ಲ.

ಇನ್ನು ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಯಂತ್ರಗಳಿಗೆ ಸಂಖ್ಯೆ ಸಾಕು. ಮನುಷ್ಯರಿಗೆ ಹೆಸರು ಬೇಕು. ಮೊದಲು ಜಾಲದ ಎಲ್ಲ ಯಂತ್ರಗಳ ಹೆಸರು ಮತ್ತು ಸಂಖ್ಯೆ ಒಂದೇ ಪಟ್ಟಿಯಲ್ಲಿದ್ದವು. ಎಲಿಜಬೆತ್ ಫೈನ್ಲರ್ ಎಂಬವರ ಮೇಲ್ವಿಚಾರಣೆಯಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಅದನ್ನು ಕಾಪಾಡುತ್ತಿದ್ದರು. ಉಳಿದವರು ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಆ ಪಟ್ಟಿ ಯಾರ ಕೈಗೂ ನಿಲುಕದಾಯಿತು. ಪೋಸ್ಟೆಲ್ಲರು ತಮ್ಮ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸರಿಗೆ ಇದಕ್ಕೊಂದು ಪರಿಹಾರ ಹುಡುಕುವಂತೆ ಹೇಳಿದರು. ೧೯೮೩ರ ನವೆಂಬರಿನಲ್ಲಿ ಮೊಕಪೆಟ್ರಿಸರು ಪ್ರಕಟಿಸಿದ ಏರ್ಪಾಡೇ ಡಿ.ಎನ್.ಎಸ್., ಅಂದರೆ ಹೆಸರುಗಳ ಕ್ಷೇತ್ರವ್ಯವಸ್ಥೆ.

ಸಿಂಧನೂರಿನವರಿಗೆ ಇದನ್ನು ತಿಳಿಯಲು ಎಡದಂಡೆ ಕಾಲುವೆಗಿಂತ ಒಳ್ಳೆಯ ಹೋಲಿಕೆ ಬೇಡ. ತುಂಗಭದ್ರೆಯ ನೀರು ಮುಖ್ಯ ಕಾಲುವೆಯಲ್ಲಿ ಬಂದು, ವಿತರಣಾ ಕಾಲುವೆಗೆ ಒಡೆದು, ಅಲ್ಲಿಂದ ಉಪಕಾಲುವೆಗೂ ಹೊಲಗಾಲುವೆಗೂ ಹರಿಯುತ್ತದೆ. ಮುಖ್ಯ ಕಾಲುವೆಯನ್ನು ನೋಡಿಕೊಳ್ಳುವವರಿಗೆ ಪ್ರತಿಯೊಂದು ಹೊಲದ ತೂಬೂ ಗೊತ್ತಿರಬೇಕಾಗಿಲ್ಲ. ತಮ್ಮ ಕೆಳಗಿನ ವಿತರಣಾ ಕಾಲುವೆಗಳು ಗೊತ್ತಿದ್ದರೆ ಸಾಕು. ಅದರ ಕೆಳಗಿನವರಿಗೆ ಅದರ ಕೆಳಗಿನದು. ಹೆಸರಿನ ವ್ಯವಸ್ಥೆಯೂ ಹಾಗೆಯೇ. ತುದಿಯಲ್ಲಿ ಮೂಲಪಟ್ಟಿ, ಅದಕ್ಕೆ ದೇಶಗಳ ಮತ್ತು ವರ್ಗಗಳ ಕ್ಷೇತ್ರಗಳು ಮಾತ್ರ ಗೊತ್ತು. ಭಾರತದ ಕ್ಷೇತ್ರಕ್ಕೆ ಭಾರತದೊಳಗಿನ ಹೆಸರುಗಳು ಗೊತ್ತು. ವಿಶ್ವವಿದ್ಯಾನಿಲಯದ ಪಟ್ಟಿಗೆ ತನ್ನ ಮನೆಯ ಯಂತ್ರಗಳು ಗೊತ್ತು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತ ಇಳಿದರೆ ಲೋಕದ ಯಾವ ಹೆಸರಿನ ನೆಲೆಯಾದರೂ ಸಿಕ್ಕುತ್ತದೆ. ಆದರೆ ಕಾಲುವೆಯ ಕೊನೆಯಂಚಿನ ರೈತರಿಗೆ ಚೆನ್ನಾಗಿ ತಿಳಿದ ಒಂದು ಮಾತಿದೆ. ಮೇಲಿನ ಗೇಟು ಯಾರ ಕೈಯಲ್ಲಿದೆ ಎಂಬುದರ ಮೇಲೆ ಕೆಳಗಿನವರ ಬೆಳೆ ನಿಂತಿರುತ್ತದೆ. ಹೆಸರುಗಳ ಆ ಮೇಲಿನ ಗೇಟನ್ನು ನೋಡಿಕೊಳ್ಳುವ ಹೊಣೆ ಪೋಸ್ಟೆಲ್ಲರದಾಗಿತ್ತು.

೧೯೮೪ರಲ್ಲಿ ಪೋಸ್ಟೆಲ್ಲರೂ ರೆನಾಲ್ಡ್ಸರೂ ಸೇರಿ ಮೇಲ್ಮಟ್ಟದ ಕ್ಷೇತ್ರಗಳು ಯಾವುವೆಂಬುದನ್ನು ಬರೆದಿಟ್ಟರು. ವ್ಯಾಪಾರ, ವಿದ್ಯೆ, ಸರಕಾರ, ಸೈನ್ಯ, ಸಂಸ್ಥೆ ಎಂಬ ವರ್ಗಗಳು. ಅದರೊಂದಿಗೆ ಪ್ರತಿ ದೇಶಕ್ಕೂ ಎರಡಕ್ಷರದ ಸಂಕೇತ. ನಮ್ಮ ದೇಶದಲ್ಲಿ ೧೯೮೬ರಲ್ಲಿ ಆರಂಭವಾದ ಅರ್ನೆಟ್ ಎಂಬ ವಿದ್ಯಾಜಾಲವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಎಂಟು ಸಂಸ್ಥೆಗಳನ್ನು ಜೋಡಿಸಿತು. ೧೯೮೯ರ ಮೇ ೮ರಂದು ಭಾರತದ ಸಂಕೇತ ಲೋಕದ ಮೂಲಪಟ್ಟಿಯಲ್ಲಿ ದಾಖಲಾಯಿತು. ಸಾಮಾನ್ಯ ಜನರಿಗೆ ಇಲ್ಲಿ ಅಂತರ್ಜಾಲ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಅಂದರೆ ಜನರು ಬರುವ ಆರು ವರ್ಷ ಮೊದಲೇ ನಮ್ಮ ದೇಶದ ಹೆಸರಿಗೆ ಸೇನಬೋವನ ಪುಸ್ತಕದಲ್ಲಿ ಪುಟ ತೆರೆದಿತ್ತು.

ದೇಶಗಳಿಗೆ ಸಂಕೇತ ಕೊಡುವ ಕೆಲಸ ಕೇಳುವುದಕ್ಕೆ ಸುಲಭ. ಆದರೆ ಯಾವುದು ದೇಶ, ಯಾವುದು ಅಲ್ಲ ಎಂಬ ಪ್ರಶ್ನೆಗಾಗಿ ಯುದ್ಧಗಳೇ ನಡೆದಿವೆ. ಪೋಸ್ಟೆಲ್ಲರು ಇಲ್ಲಿ ತೋರಿಸಿದ ವಿವೇಕ ಮೆಚ್ಚತಕ್ಕದ್ದು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯೊಂದು ಆಗಲೇ ಸಿದ್ಧಪಡಿಸಿದ್ದ ದೇಶಗಳ ಪಟ್ಟಿಯನ್ನು ಅವರು ಹಾಗೆಯೇ ತೆಗೆದುಕೊಂಡರು. ದೇಶವಾವುದೆಂಬ ತೀರ್ಪು ತಮ್ಮ ಕೆಲಸವಲ್ಲವೆಂದು ೧೯೯೪ರ ಒಂದು ಬರಹದಲ್ಲಿ ಸ್ಪಷ್ಟಪಡಿಸಿದರು. ಒಂದು ಕ್ಷೇತ್ರವನ್ನು ನೋಡಿಕೊಳ್ಳುವವನು ಅದರ ಮಾಲೀಕನಲ್ಲ, ಧರ್ಮದರ್ಶಿ ಮಾತ್ರ. ಅವನಿಗೆ ಹಕ್ಕುಗಳಿಗಿಂತ ಹೊಣೆಗಳು ಹೆಚ್ಚು ಎಂಬ ಅಭಿಪ್ರಾಯವೂ ಅದರಲ್ಲಿದೆ. ಅಧಿಕಾರ ಕೈಯಲ್ಲಿದ್ದಾಗ ಅದರ ಎಲ್ಲೆಯನ್ನು ತಾನೇ ಗೆರೆ ಎಳೆದು ತೋರಿಸುವವರು ವಿರಳ.

ಅವರ ವೇಷಭೂಷಣ ಸರಳ. ಉದ್ದನೆಯ ಗಡ್ಡ, ಕಾಲಿಗೆ ಚಪ್ಪಲಿ. ಬಿಡುವು ದೊರೆತಾಗ ಬೆನ್ನಿಗೆ ಚೀಲ ಕಟ್ಟಿಕೊಂಡು ಸಿಯೆರಾ ನೆವಾಡ ಪರ್ವತಗಳಲ್ಲಿ ನಡೆದು ಹೋಗುವುದು ಅವರ ಹವ್ಯಾಸ. ಅವರು ಸಂಖ್ಯೆ ಕೊಟ್ಟ, ಹೆಸರು ದಾಖಲಿಸಿದ ಜಾಲದ ಮೇಲೆ ಇತರರು ಕೋಟ್ಯಧೀಶರಾದರು; ಅವರು ಸಂಸ್ಥೆಯ ಸಂಬಳದ ಸಂಶೋಧಕರಾಗಿಯೇ ಉಳಿದರು. ಪಶ್ಚಿಮದ ಪತ್ರಿಕೆಯೊಂದು ಅವರನ್ನು ಅಂತರ್ಜಾಲದ ದೇವರೆಂದು ಬಣ್ಣಿಸಿತು. ಸೇನಬೋವನನ್ನು ದೇವರೆಂದು ಕರೆಯುವುದು ಊರಿಗೂ ಒಳ್ಳೆಯದಲ್ಲ, ಸೇನಬೋವನಿಗೂ ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದೆ ನಡೆದುದನ್ನು ನೋಡಿದರೆ ವಾಚಕರೂ ಒಪ್ಪಬಹುದು.

ಜಾಲವು ವಿದ್ವಾಂಸರ ಕೈಯಲ್ಲಿದ್ದಷ್ಟು ಕಾಲ ಪೋಸ್ಟೆಲ್ಲರ ಮಾತೇ ಸಾಕಾಗಿತ್ತು. ವ್ಯಾಪಾರ ಬಂದೊಡನೆ ಹೆಸರಿಗೆ ಬೆಲೆ ಬಂದಿತು. ೧೯೯೩ರಿಂದ ಹೆಸರುಗಳನ್ನು ನೋಂದಾಯಿಸುವ ಕೆಲಸವನ್ನು ಅಮೆರಿಕದ ಸರಕಾರದೊಡನೆ ಒಪ್ಪಂದ ಮಾಡಿಕೊಂಡ ನೆಟ್‌ವರ್ಕ್ ಸಲ್ಯೂಷನ್ಸ್ ಎಂಬ ಖಾಸಗಿ ಕಂಪೆನಿ ನಡೆಸುತ್ತಿತ್ತು. ೧೯೯೫ರ ಸೆಪ್ಟೆಂಬರಿನಿಂದ ಒಂದು ಹೆಸರಿಗೆ ಎರಡು ವರ್ಷಕ್ಕೆ ೧೦೦ ಡಾಲರು ಶುಲ್ಕ ಗೊತ್ತಾಯಿತು. ಒಂದೇ ಕಂಪೆನಿಗೆ ಈ ಏಕಸ್ವಾಮ್ಯವೇಕೆ, ಹೊಸ ಕ್ಷೇತ್ರಗಳನ್ನು ತೆರೆದು ಸ್ಪರ್ಧೆಗೆ ಅವಕಾಶ ಕೊಡಬೇಕು ಎಂದು ಪೋಸ್ಟೆಲ್ಲರು ೧೯೯೬ರಲ್ಲಿ ಸೂಚಿಸಿದರು. ವಾದ ಬೆಳೆಯಿತು. ಇಷ್ಟು ವರ್ಷ ಪೋಸ್ಟೆಲ್ಲರು ಯಾವ ಅಧಿಕಾರದಿಂದ ಇದನ್ನೆಲ್ಲ ಮಾಡುತ್ತಿದ್ದರು ಎಂದು ಕೆಲವರು ಕೇಳಿದರು. ಅದಕ್ಕೆ ಎರಡು ಉತ್ತರಗಳಿದ್ದವು. ಜಾಲವನ್ನು ಕಟ್ಟಿದವರ ವಿಶ್ವಾಸ ಒಂದು. ಅಮೆರಿಕದ ಸರಕಾರ ಅವರ ಸಂಸ್ಥೆಗೆ ಕೊಟ್ಟ ಗುತ್ತಿಗೆ ಇನ್ನೊಂದು. ಎರಡೂ ಒಂದೇ ದಿಕ್ಕಿನಲ್ಲಿ ನಡೆಯುತ್ತಿದ್ದಾಗ ಯಾರೂ ಅವನ್ನು ಬೇರೆ ಮಾಡಿ ನೋಡಿರಲಿಲ್ಲ.

೧೯೯೮ರ ಜನವರಿ ೨೮ರಂದು ಪೋಸ್ಟೆಲ್ಲರು ಒಂದು ಮಿಂಚಂಚೆ ಬರೆದರು. ಲೋಕದ ಮೂಲಪಟ್ಟಿಯನ್ನು ಹೊತ್ತಿದ್ದ ಹದಿಮೂರು ಯಂತ್ರಗಳ ಪೈಕಿ ಎಂಟರ ನಿರ್ವಾಹಕರಿಗೆ, ಇನ್ನು ಮುಂದೆ ಪಟ್ಟಿಯನ್ನು ಆ ಕಂಪೆನಿಯ ಯಂತ್ರದಿಂದ ತೆಗೆದುಕೊಳ್ಳದೆ ತಮ್ಮ ಸಂಸ್ಥೆಯ ಯಂತ್ರದಿಂದ ತೆಗೆದುಕೊಳ್ಳುವಂತೆ ತಿಳಿಸಿದರು. ಎಂಟು ಮಂದಿಯೂ ಅವರ ಮಾತಿನಂತೆ ನಡೆದರು. ಬಳಕೆಯವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ, ಏಕೆಂದರೆ ಎರಡು ಪಟ್ಟಿಗಳೂ ಒಂದೇ ಆಗಿದ್ದವು. ಆದರೆ ಮೇಲಿನ ಗೇಟಿನ ಬೀಗದ ಕೈ ಬದಲಾಗಿತ್ತು. ಅಧ್ಯಕ್ಷ ಕ್ಲಿಂಟನ್ನರ ಸಲಹೆಗಾರರಾಗಿದ್ದ ಐರಾ ಮ್ಯಾಗಝಿನರರು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಒತ್ತಾಯಿಸಿದರು. ಪೋಸ್ಟೆಲ್ಲರು ಇದು ಒಂದು ಪರೀಕ್ಷೆಯಾಗಿತ್ತೆಂದು ಹೇಳಿ ಕೆಲವೇ ದಿನಗಳಲ್ಲಿ ಮೊದಲಿನಂತೆ ಮಾಡಿಸಿದರು.

ಈ ಪ್ರಸಂಗವನ್ನು ಅವರ ಅಭಿಮಾನಿಗಳು ಧೀರಕಾರ್ಯವೆನ್ನುತ್ತಾರೆ, ವಿರೋಧಿಗಳು ಅತಿಕ್ರಮವೆನ್ನುತ್ತಾರೆ. ನನಗೆ ಎರಡೂ ಪೂರ್ಣ ಸತ್ಯವೆಂದು ತೋರುವುದಿಲ್ಲ. ಲೋಕದ ಸೊತ್ತು ಒಂದು ಕಂಪೆನಿಯ ಅಥವಾ ಒಂದು ಸರಕಾರದ ವಶವಾಗಬಾರದೆಂಬ ಅವರ ಕಳಕಳಿ ನ್ಯಾಯವಾದದ್ದು. ಆದರೆ ಒಬ್ಬ ಮನುಷ್ಯನ ಒಂದು ಪತ್ರದಿಂದ ಅಷ್ಟು ದೊಡ್ಡ ಬದಲಾವಣೆ ಆಗಬಲ್ಲದಾಗಿದ್ದರೆ, ಆ ಮನುಷ್ಯ ಸಜ್ಜನನೆಂಬುದೊಂದೇ ಲೋಕಕ್ಕಿದ್ದ ರಕ್ಷೆ. ಅವನ ತರುವಾಯ ಬರುವವನು ಹೇಗಿರುವನೋ ಯಾರು ಬಲ್ಲರು? ಸೇನಬೋವ ಪ್ರಾಮಾಣಿಕನಾಗಿದ್ದರೆ ಸಾಲದು. ಅವನ ಪುಸ್ತಕವನ್ನು ಊರು ಓದಿ ನೋಡುವಂತಿರಬೇಕು. ಜನವರಿಯ ಆ ದಿನ ಪೋಸ್ಟೆಲ್ಲರು ತಮಗಿದ್ದ ಬಲವನ್ನು ತೋರಿಸಿದರು. ಅದರೊಡನೆಯೇ, ಆ ಬಲ ಒಬ್ಬರಲ್ಲಿ ಇರಕೂಡದೆಂಬುದೂ ಎಲ್ಲರಿಗೂ ಕಂಡುಹೋಯಿತು.

ಇದು ಅವರಿಗೂ ತಿಳಿದಿತ್ತೆಂಬುದಕ್ಕೆ ಅವರ ಕೊನೆಯ ತಿಂಗಳುಗಳೇ ಸಾಕ್ಷಿ. ತಮ್ಮ ಪುಸ್ತಕವನ್ನು ಒಪ್ಪಿಸಿಕೊಡುವುದಕ್ಕೆ ತಕ್ಕ ಒಂದು ಸಂಸ್ಥೆಯನ್ನು ಕಟ್ಟುವುದರಲ್ಲಿ ಅವರು ತೊಡಗಿದರು. ಐಕ್ಯಾನ್ ಎಂಬ ಹೆಸರಿನ, ಲಾಭದ ಉದ್ದೇಶವಿಲ್ಲದ ಆ ಸಂಸ್ಥೆ ೧೯೯೮ರ ಸೆಪ್ಟೆಂಬರ್ ೩೦ರಂದು ಕ್ಯಾಲಿಫೋರ್ನಿಯದಲ್ಲಿ ನೋಂದಣಿಯಾಯಿತು. ಅ‍ದಾಗಿ ಹದಿನಾರು ದಿನಕ್ಕೆ, ಅಕ್ಟೋಬರ್ ೧೬ರಂದು, ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ತರುವಾಯ ಉಂಟಾದ ತೊಡಕುಗಳಿಂದ ಪೋಸ್ಟೆಲ್ಲರು ಲಾಸ್ ಏಂಜಲಿಸಿನಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೈದು ವರ್ಷ.

ವಿಶ್ವವಿದ್ಯಾನಿಲಯದ ದಿನಗಳಿಂದ ಒಡನಾಡಿಯಾಗಿದ್ದ ವಿಂಟ್ ಸರ್ಫರು ಬರೆದ ಶ್ರದ್ಧಾಂಜಲಿ, ಪೋಸ್ಟೆಲ್ಲರೇ ಸಂಪಾದಿಸಿದ ಆರ್.ಎಫ್.ಸಿ. ಮಾಲೆಯಲ್ಲಿಯೇ ೨೪೬೮ನೆಯ ಸಂಖ್ಯೆಯಾಗಿ ಪ್ರಕಟವಾಯಿತು. ಕಟ್ಟಳೆಗಳ ಶುಷ್ಕವಾದ ಆ ಸಾಲಿನಲ್ಲಿ ಅದೊಂದು ಕಣ್ಣೀರಿನ ಪುಟ. ಮರುವರ್ಷದಿಂದ ಅಂತರ್ಜಾಲ ಸಂಘವು ಅವರ ಹೆಸರಿನಲ್ಲಿ ಸೇವಾ ಪ್ರಶಸ್ತಿಯನ್ನು ಕೊಡತೊಡಗಿತು. ಮೊದಲ ಪ್ರಶಸ್ತಿ ಅವರಿಗೇ ಸಂದಿತು. ಮೂಲಪಟ್ಟಿಯ ಮೇಲೆ ಅಮೆರಿಕದ ಸರಕಾರಕ್ಕಿದ್ದ ಮೇಲ್ವಿಚಾರಣೆ ಕೊನೆಗೊಂಡು ಅದು ಐಕ್ಯಾನಿಗೆ ಪೂರ್ಣವಾಗಿ ಸೇರಿದ್ದು ೨೦೧೬ರ ಅಕ್ಟೋಬರ್ ೧ರಂದು, ಅವರು ತೀರಿಕೊಂಡು ಹದಿನೆಂಟು ವರ್ಷಗಳಾಗುತ್ತ ಬಂದಿದ್ದಾಗ. ಇಂದು ಆ ಪಟ್ಟಿಯಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಭಾರತ ಎಂಬ ಹೆಸರೂ ಇದೆ. ನಮ್ಮ ಅಕ್ಷರದಲ್ಲಿಯೇ ವಿಳಾಸ ಬರೆಯಬಹುದು ಎಂಬುದನ್ನು ನಮ್ಮವರಲ್ಲಿ ಇನ್ನೂ ಅನೇಕರು ಅರಿಯರು.

ಮಸ್ಕಿಯ ಬಂಡೆಯಲ್ಲಿ ಅರಸನ ಹೆಸರಿದೆ. ಅದನ್ನು ಕೊರೆದವನ ಹೆಸರಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕಶಾಸನದಲ್ಲಿ ಬರೆದವನ ಹೆಸರು ಉಳಿದಿದೆ. ಅವನು ಚಪಡ. ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಂದ ಬಂದನೋ, ಎಷ್ಟು ದೂರ ನಡೆದನೋ. ಒಪ್ಪಿಸಿದ ಸಂದೇಶವನ್ನು ಕಲ್ಲಿಗೆ ಇಳಿಸಿ ಮರೆಯಾದನು. ಪೋಸ್ಟೆಲ್ಲರನ್ನು ನಾನು ಚಪಡನ ವಂಶದವರೆಂದು ಎಣಿಸುತ್ತೇನೆ.

ಈ ವರ್ಷ ಮತ್ತೆ ಮಸ್ಕಿಗೆ ಹೋದಾಗ ಆ ವಿದ್ಯಾರ್ಥಿನಿ ಜೊತೆಯಲ್ಲಿರಲಿಲ್ಲ. ಓದು ಮುಗಿಸಿ ಹೋಗಿದ್ದಾಳೆ. ಅವಳ ಹೆಸರಿನ ಅಕ್ಷರವನ್ನು ನಾನು ತಿದ್ದಿಸಿಕೊಟ್ಟೆ. ನಿಂತಿದ್ದ ಹಣವೂ ತಡವಾಗಿ ಬಂದಿತು. ಆದರೆ ಅವಳು ಕಚೇರಿಯಿಂದ ಕಚೇರಿಗೆ ಅಲೆದ ದಿನಗಳನ್ನು ಹಿಂದಿರುಗಿಸಲು ನನ್ನಿಂದಾಗದು. ಜೂನ್ ತಿಂಗಳಲ್ಲಿ ಪ್ರವೇಶ ಪುಸ್ತಕ ಮತ್ತೆ ನನ್ನ ಮೇಜಿಗೆ ಬರುತ್ತದೆ. ಈಗ ಪ್ರತಿಯೊಂದು ಹೆಸರನ್ನೂ ಬರೆದ ಮೇಲೆ ಪುಸ್ತಕವನ್ನು ಆ ವಿದ್ಯಾರ್ಥಿಯ ಕಡೆಗೆ ತಿರುಗಿಸಿ, ಓದಿ ನೋಡಿ ಸರಿಯೆಂದ ಬಳಿಕವೇ ನನ್ನ ರುಜು ಹಾಕುತ್ತೇನೆ. ಸಾಲು ಉದ್ದವಾಗುತ್ತದೆ, ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.